ಬಿಯರ್ ಪೀಪಾಯಿ ಉರುಳಿದ ದಾರಿಯಲ್ಲಿ

ನಮ್ಮ ಕನ್ನಡ ಸಿನಿಮಾದ ಹಳೇ ಸೂತ್ರ ನಿಮಗೆ ಗೊತ್ತೇ ಇದೆ. ಹೀರೋ ಬಾಟಲಿ ಮುಟ್ಟಲ್ಲ, ವಿಲನ್ ಬಾಟಲಿ ಬಿಡಲ್ಲ! ಆದರೆ ಓದುಗ ಮಹಾಶಯರೇ, ಆ ಬಾಟಲಿಗೂ ಒಂದು ಊರಿದೆ, ಒಂದು ಚರಿತ್ರೆ ಇದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನಾನೂ ಯೋಚಿಸಿರಲಿಲ್ಲ. ಮೊನ್ನೆ ಒಂದು ಭಾನುವಾರ, ಜೇಬಿನಲ್ಲಿ ಮುನ್ನೂರು ರೂಪಾಯಿ, ಕೈಯಲ್ಲೊಂದು ನೋಟ್‌ಬುಕ್ ಇಟ್ಟುಕೊಂಡು ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಬಿಯರ್ ಹುಡುಕಿಕೊಂಡು ಹೊರಟೆ. ಕುಡಿಯೋದಕ್ಕಲ್ಲ ಸ್ವಾಮೀ! ನಾನು ಕುಡಿಯೋದಿಲ್ಲ. ಯಾಕೆ ಅನ್ನೋದನ್ನ ಆಮೇಲೆ ಹೇಳ್ತೀನಿ.

ಟಾಮಿಗಳ ದಾಹ

ಹಳಬರು ಇವತ್ತಿಗೂ ಈ ಕಡೆಯನ್ನ ‘ದಂಡು’ ಅಂತಲೇ ಕರೀತಾರೆ. ಶ್ರೀರಂಗಪಟ್ಟಣದಲ್ಲಿದ್ದ ಇಂಗ್ಲಿಷರ ಪಡೆ 1809ರಲ್ಲಿ ಹಲಸೂರಿನ ಬದಿಗೆ ಬಂದು ಬೀಡುಬಿಟ್ಟಿತು. ದಂಡು ಬಂದ ಮೇಲೆ ಬಜಾರು ಬಂತು, ಚರ್ಚು ಬಂತು, ಕುದುರೆ ಲಾಯ ಬಂತು. ಬಿಳಿ ಸೋಲ್ಜರನಿಗೆ ಇವೆಲ್ಲ ಇದ್ದರೂ ಸಂಜೆಯಾದರೆ ಬಿಯರ್ ಬೇಕು. ಇಂಗ್ಲೆಂಡಿನಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಿ ಬರೋ ಪೀಪಾಯಿ ಎಷ್ಟು ದಿನ ಕಾಯೋದು? ಬೆಂಗಳೂರಿನ ಹವಾ ತಂಪು, ನೀಲಗಿರಿಯದ್ದು ಇನ್ನೂ ತಂಪು. ಇಲ್ಲೇ ಯಾಕೆ ಮಾಡಬಾರದು ಅಂತ ಹೊರಟರು. 1885ರಲ್ಲಿ ಬೆಂಗಳೂರು ಬ್ರೂಯಿಂಗ್ ಕಂಪನಿ ಹುಟ್ಟಿತು.

ಆಗ ಬಾಟಲಿಗಿಂತ ಪೀಪಾಯಿಯದೇ ಕಾರುಬಾರು. ಆಳೆತ್ತರದ ಮರದ ಪೀಪಾಯಿಗಳನ್ನ ಎತ್ತಿನ ಗಾಡಿ ಮೇಲೆ ಹೇರಿ ಸೈನಿಕರಿಗೆ ಮುಟ್ಟಿಸ್ತಿದ್ದರು. ಕುಡಿಯೋನು ಇಂಗ್ಲೆಂಡಿನವನು, ಗಾಡಿ ಎಳೆಯೋದು ನಮ್ಮ ಎತ್ತು! ಸಾಲ ಹೇಳೋದಂತೂ ಆಗಲೂ ಇತ್ತು. ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ಬಾಕಿ ತೀರಿಸದವರ ಪಟ್ಟಿ ಇದೆ. ಅದರಲ್ಲಿ ಒಬ್ಬ ಲೆಫ್ಟಿನೆಂಟು, ಬಾಕಿ 13 ರೂಪಾಯಿ. ಯಾರು ಅಂತೀರಾ? ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್!

ಗುಜರಿ ಚಾಚಾ

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯೊಂದರಲ್ಲಿ ಹಳೇ ಬಾಟಲಿ ವ್ಯಾಪಾರ ಮಾಡೋ ಒಬ್ಬ ಹಿರಿಯರು ಸಿಕ್ಕಿದರು. ಗೋಣಿಚೀಲಗಳ ಮಧ್ಯೆ ಕೂತು ಕಂದು ಬಾಟಲಿ ಒಂದು ಕಡೆ, ಹಸಿರು ಬಾಟಲಿ ಒಂದು ಕಡೆ ಜೋಡಿಸ್ತಿದ್ದರು.

“ಚಾಚಾ, ಎಷ್ಟು ವರ್ಷದಿಂದ ಈ ಕೆಲಸ?”

“ನಲವತ್ತು ಆಯ್ತು ಬೇಟಾ. ಒಂದು ಹನಿ ಬಾಯಿಗೆ ಹಾಕಿಲ್ಲ. ವಾಸನೆ ಮಾತ್ರ ಮೈಗೆ ಹತ್ತಿದೆ, ಏನ್ ಮಾಡೋದು!”

ಬಿಯರ್ ಬಾಟಲಿಯನ್ನ ತೊಳೆದು ಮತ್ತೆ ತುಂಬೋದು ಈ ದಂಧೆಯ ಹಳೇ ಪದ್ಧತಿ, ಇವತ್ತಿಗೂ ನಡೀತಿದೆ. ಕುಡಿದವನು ಎಸೆದದ್ದನ್ನ ಚಿಂದಿ ಆಯೋ ಹುಡುಗ ಹೆಕ್ಕುತ್ತಾನೆ, ಗುಜರಿಯವನು ವಿಂಗಡಿಸ್ತಾನೆ, ಲಾರಿ ಕಾರ್ಖಾನೆಗೆ ಒಯ್ಯುತ್ತೆ. “ಬಾಟ್ಲಿಗೆ ಜಾತಿ ಇಲ್ಲ ಬೇಟಾ. ಕ್ಲಬ್ಬಿಂದು, ಮೋರಿದು, ತೊಳೆದ್ರೆ ಎಲ್ಲಾ ಒಂದೇ,” ಅಂದರು ಚಾಚಾ. ಸಿನಿಮಾದಲ್ಲಿ ಬಂದಿದ್ದರೆ ಸೀಟಿ ಬೀಳ್ತಿತ್ತು ಈ ಡೈಲಾಗಿಗೆ.

ಅಲ್ಲಿಂದ ಕಾಕ್‌ಬರ್ನ್ ರಸ್ತೆಗೆ ನಡೆದೆ. 1933ರಲ್ಲಿ ಶುರುವಾದ ಡ್ಯೂವರ್ಸ್ ಬಾರ್ ಇದ್ದದ್ದು ಇಲ್ಲೇ. ಬೆತ್ತದ ಕುರ್ಚಿಯಲ್ಲಿ ಕೂತು ದಂಡಿನ ಮೂರು ತಲೆಮಾರು ಸಂಜೆ ಕಳೆದ ಜಾಗ. ಈಗ ಅದಿಲ್ಲ.

ಕಾರ್ಖಾನೆ ಹೋಗಿ ಗಾಜಿನ ಗೋಪುರ

ಕಬ್ಬನ್ ಪಾರ್ಕ್ ದಾಟಿ ವಿಠ್ಠಲ್ ಮಲ್ಯ ರಸ್ತೆಗೆ ಬಂದೆ. ಹಿಂದೆ ಇದು ಗ್ರಾಂಟ್ ರಸ್ತೆ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬಿಯರ್ ಕಾರ್ಖಾನೆಗಳನ್ನ ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಇಪ್ಪತ್ತರ ಹರೆಯದ ವಿಠ್ಠಲ್ ಮಲ್ಯ 1947ರಲ್ಲಿ ಅದರ ಮೊದಲ ಭಾರತೀಯ ಡೈರೆಕ್ಟರಾದರು, ಮರುವರ್ಷವೇ ಅಧ್ಯಕ್ಷರು. ಬಿಳಿಯರು ಗಂಟುಮೂಟೆ ಕಟ್ಟಿದ ವರ್ಷ ಬಿಳಿಯರ ಬಿಯರ್ ನಮ್ಮವರ ಕೈಗೆ ಬಂತು! 2021ರಲ್ಲಿ ಕಂಪನಿಯ ಹಿಡಿತ ಮತ್ತೆ ಹೊರದೇಶಕ್ಕೇ ಹೋಯಿತು, ಹಾಲೆಂಡಿನ ಹೈನೆಕೆನ್ ಕೈಗೆ.

ಹಳೇ ಕಾರ್ಖಾನೆಯ ಆ ಜಾಗದಲ್ಲಿ ಈಗ ಯುಬಿ ಸಿಟಿ. ಫಾರಿನ್ ಕೈಚೀಲ, ಫಾರಿನ್ ಬೂಟು, ಫಾರಿನ್ ವಾಚು. ಬೆಲೆ ಚೀಟಿ ನೋಡಿದರೆ ಕುಡಿಯದೆಯೇ ತಲೆ ತಿರುಗುತ್ತೆ! ಪೀಪಾಯಿ ಉರುಳಿಸಿದವರ, ಬಾಟಲಿ ತೊಳೆದವರ ನೆನಪಿಗೆ ಏನಾದರೂ ಇದೆಯಾ ಅಂತ ಸುತ್ತ ಹುಡುಕಿದೆ. ನನ್ನ ಕಣ್ಣಿಗೆ ಏನೂ ಬೀಳಲಿಲ್ಲ.

ಜಪಾನಿನವರನ್ನ ನೋಡಿ. ಅಲ್ಲಿ ಅಕ್ಕಿಯಿಂದ ಮಾಡೋ ಮದ್ಯಕ್ಕೆ ‘ಸಾಕೆ’ ಅಂತಾರೆ. ಭತ್ತ ಬೆಳೆಯೋ ಸೀಮೆಯಲ್ಲಿ ನೂರು ವರ್ಷ ದಾಟಿದ ಮನೆತನದ ಭಟ್ಟಿಗಳು ಬೇಕಾದಷ್ಟಿವೆ. ಅಕ್ಕಿಯನ್ನ ಚೆನ್ನಾಗಿ ಪಾಲಿಶ್ ಮಾಡಿ, ಹಬೆಯಲ್ಲಿ ಬೇಯಿಸಿ, ‘ಕೋಜಿ’ ಅನ್ನೋ ಬೂಷ್ಟು ಹಿಡಿಸಿ, ಚಳಿಗಾಲದಲ್ಲಿ ಹುಳಿಯೋಕೆ ಬಿಡ್ತಾರೆ. ಹೊಸ ಸಾಕೆ ಇಳಿದಾಗ ಬಾಗಿಲ ಮುಂದೆ ಹಸಿರು ಎಲೆಯ ದೊಡ್ಡ ಉಂಡೆ ತೂಗುಹಾಕ್ತಾರೆ. ಎಲೆ ಒಣಗಿ ಕಂದಾದಂತೆ ಒಳಗಿನ ಸಾಕೆಯೂ ಹದವಾಯ್ತು ಅಂತ ಊರಿಗೆಲ್ಲ ತಿಳಿಯುತ್ತೆ. ಆ ಕೈಕೆಲಸಕ್ಕೆ 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಪರಂಪರೆಯ ಮನ್ನಣೆ ಕೊಟ್ಟಿತು. ಮಾಡಿದವನ ಕೈಗೆ ಮರ್ಯಾದೆ! ನಮ್ಮಲ್ಲಿ ಮಾಲೀಕರ ಹೆಸರಿಗೆ ರಸ್ತೆ ಇದೆ, ಕೈಗಳಿಗೆ ಒಂದು ಕಲ್ಲಿಲ್ಲ.

ಇನ್ನೊಂದು ಚರಿತ್ರೆ

ಎಂ.ಜಿ. ರಸ್ತೆಯಲ್ಲಿ ಮೆಟ್ರೋ ಹತ್ತಿ, ಹಲಸೂರು ದಾಟಿ ಇಂದಿರಾನಗರದಲ್ಲಿ ಇಳಿದೆ. ನೂರಡಿ ರಸ್ತೆಯಲ್ಲಿ 2010ರಲ್ಲಿ ಟಾಯ್ಟ್ ಬಂದ ಮೇಲೆ ಕೂತ ಕಡೆಯೇ ಬಿಯರ್ ಇಳಿಸಿ ಕೊಡೋ ಮನೆಗಳು ಊರ ತುಂಬಾ ಎದ್ದಿವೆ. ಗಾಜಿನಾಚೆ ಫಳಫಳ ಹೊಳೆಯೋ ಹಂಡೆಗಳು, ಒಳಗೆ ನಗು, ಸಂಗೀತ. ಹೊರಗೆ ನಿಂತು ನೋಡಿದೆ. ಮುನ್ನೂರು ರೂಪಾಯಿ ಹಿಡಿದು ಒಳಗೆ ಹೋಗೋ ಜಾಗವಲ್ಲ ಅದು.

ಈಗ ಹೇಳ್ತೀನಿ, ನಾನು ಯಾಕೆ ಕುಡಿಯೋದಿಲ್ಲ ಅಂತ. ನಮ್ಮನೆ ಕೆ.ಆರ್. ಪುರದಲ್ಲಿ. ಅಪ್ಪ ಗಾರೆ ಕೆಲಸದವರು, ಇಂದಿರಾನಗರದ ಎಷ್ಟೋ ಮನೆಗಳಿಗೆ ಗೋಡೆ ಎಬ್ಬಿಸಿದವರು. ಅವರು ಬಿಯರ್ ಕುಡಿದವರಲ್ಲ, ಪ್ಯಾಕೆಟ್ ಸಾರಾಯಿ. ಚಿಲ್ಲರೆ ಕೊಟ್ಟು ನನ್ನನ್ನೇ ಕಳಿಸ್ತಿದ್ದರು. 2007ರ ಜುಲೈ 1ರಂದು ಸರ್ಕಾರ ಸಾರಾಯಿ ನಿಲ್ಲಿಸಿದಾಗ ನನಗೆ ಹತ್ತು ವರ್ಷ. ಅಮ್ಮ ಅವತ್ತು ಪಾಯಸ ಮಾಡಿದ್ದಳು. ಅಣ್ಣಾವ್ರ ‘ಜೀವನ ಚೈತ್ರ’ ಚಿತ್ರ ಬಂದದ್ದು 1992ರಲ್ಲಿ. ಊರಿನಿಂದ ಹೆಂಡ ಓಡಿಸೋ ಕಥೆ ಅದು. ಆ ಕಥೆ ನಮ್ಮನೆಗೇ ಬಂತು ಅಂದುಕೊಂಡಳು ಪಾಪ!

ಪ್ಯಾಕೆಟ್ ಹೋಯಿತು, ದಾಹ ಹೋಗಲಿಲ್ಲ. ಅಪ್ಪ ಅಗ್ಗದ ವಿಸ್ಕಿಗೆ ತಿರುಗಿದರು. ಖರ್ಚು ಎರಡರಷ್ಟಾಯಿತು. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. 1981ರ ಜುಲೈನಲ್ಲಿ ಇದೇ ಬೆಂಗಳೂರಿನಲ್ಲಿ ಸತ್ತವರು ಮುನ್ನೂರರ ಮೇಲೆ. ಅಪ್ಪ ವಿಷ ಕುಡಿದು ಹೋಗಲಿಲ್ಲ, ನಿಧಾನವಾಗಿ ಹೋದರು. ನನ್ನ ಪಿಯುಸಿ ಅರ್ಧಕ್ಕೇ ನಿಂತಿತು.

ಹಾಗಂತ ಬಿಯರಿನ ಚರಿತ್ರೆ ಬರೀಬಾರದೇ? ಬರೀಬೇಕು. ಚರ್ಚಿಲ್ ಸಾಹೇಬರ 13 ರೂಪಾಯಿ ಪುಸ್ತಕದಲ್ಲಿ ಉಳಿಯೋದಾದರೆ, ಪೀಪಾಯಿ ಹೊತ್ತವನ ಬೆನ್ನೂ ಉಳಿಯಲಿ, ಚಾಚಾನ ಗೋಣಿಚೀಲವೂ ಉಳಿಯಲಿ, ಪ್ಯಾಕೆಟ್ಟಿನ ಲೆಕ್ಕವೂ ಉಳಿಯಲಿ.

ರಾತ್ರಿ ಮನೆಗೆ ಬಂದಾಗ ಅಮ್ಮ ಕೇಳಿದಳು, “ಬೆಳಗ್ಗೆಯಿಂದ ಎಲ್ಲಿಗೋ ಹೋಗಿದ್ದೆ?”

“ಬಿಯರ್ ಕಥೆ ಬರೆಯೋಕೆ ಕಣಮ್ಮ.”

ಬಾಯಿ ಹತ್ತಿರ ಬಂದು ಮೂಸಿ ನೋಡಿದಳು. ಸಮಾಧಾನವಾಯಿತು. “ನಿಮ್ಮಪ್ಪಂದೂ ಬರುತ್ತಾ ಅದರಲ್ಲಿ?” ಅಂದಳು.

ಬರುತ್ತಮ್ಮ ಅಂದೆ. ಬಂದಿದೆ.