ಭಯಾನಕ ಚಿತ್ರಗಳೂ ನಾನೂ

ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಹೂದೋಟವೋ ಕಸೂತಿಯೋ ವಿನೋದವಾಗಿರಬೇಕೆಂದು ಪೋಷಕರು ಎಣಿಸುವುದು ಸಹಜವೇ. ನನಗಾದರೋ ದೆವ್ವ, ಪ್ರೇತ, ರಾಕ್ಷಸರ ಹಳೆಯ ಚಲಚ್ಚಿತ್ರಗಳೆಂದರೆ ಬಹು ಪ್ರೀತಿ. ಇಷ್ಟು ವರ್ಷ ಮರೆಮಾಚಿದ್ದ ಈ ಸಂಗತಿಯನ್ನು ಈಗ ಹಳೆಯ ವಿದ್ಯಾರ್ಥಿನಿಯರ ಮುಂದೆ ಒಪ್ಪಿಕೊಳ್ಳುವುದಕ್ಕೆ ಒಂದು ಕಾರಣವುಂಟು.

ನೀರಮಾನ್ವಿಯಲ್ಲಿ ನಾನು ಸಣ್ಣವಳಾಗಿದ್ದಾಗ, 1979ರಲ್ಲಿ ತೆರೆಕಂಡಿದ್ದ ‘ನಾ ನಿನ್ನ ಬಿಡಲಾರೆ’ ಚಿತ್ರವನ್ನು ನೆರೆಮನೆಯ ಟೆಲಿವಿಜನ್ನಿನಲ್ಲಿ ನೋಡಿದೆನು. ಕಾಮಿನಿಯೆಂಬ ಪ್ರೇತವು ಮೈಮೇಲೆ ಬಂದಾಗ ಅನಂತನಾಗರ ಮುಖವು ಮಾರ್ಪಡುವುದನ್ನು ಕಂಡು ತಾಯಿಯ ಸೆರಗಿನಲ್ಲಿ ಹುದುಗಿದೆನು; ಆದರೂ ಒಂದು ಕಣ್ಣನ್ನು ತೆರೆದೇ ಇಟ್ಟಿದ್ದೆನು. ಕಥೆಯು ನಮ್ಮ ರಾಯಚೂರಿಗೆ ಸಮೀಪವಾದ ಮಂತ್ರಾಲಯವನ್ನು ಮುಟ್ಟುವುದರಿಂದ, ಪ್ರೇತವು ನಮ್ಮೂರಿನ ಮೇಲೆಯೇ ಹಾದುಹೋಗಿರಬೇಕೆಂದು ನಾವು ಮಕ್ಕಳೆಲ್ಲ ನಿಶ್ಚಯಿಸಿದೆವು. ಅನೇಕ ದಿನ ಕತ್ತಲಾದ ಮೇಲೆ ಯಾರೂ ಅಂಗಳಕ್ಕೆ ಇಳಿಯಲಿಲ್ಲ. ಎಂಥ ಸುಖದ ಭಯವದು!

ಮುಂದೆ ವಿದೇಶದ ಹಳೆಯ ಚಿತ್ರಗಳೂ ದೊರೆತವು. 1933ರ ‘ಕಿಂಗ್ ಕಾಂಗ್’ನ ಮಹಾವಾನರನು ಬಹುಪಾಲು ದೃಶ್ಯಗಳಲ್ಲಿ ಸುಮಾರು ಒಂದೂವರೆ ಅಡಿಯ ಬೊಂಬೆಯಷ್ಟೆ. ಅದನ್ನು ತುಸುತುಸುವೇ ಸರಿಸಿ ಒಂದೊಂದಾಗಿ ಚಿತ್ರ ತೆಗೆದವರ ಬೆರಳು ತಾಗಿ ಅದರ ರೋಮವು ಅಲುಗುವುದನ್ನು ಇಂದಿಗೂ ಕಾಣಬಹುದು. ಈಗಿನ ಚಿತ್ರಗಳಲ್ಲಿ ನೆತ್ತರು ಹೆಚ್ಚು, ಭಯ ಕಡಿಮೆ.

ಆದರೆ ನನ್ನನ್ನು ಬಿಡದೆ ಕಾಡಿದ್ದು 1931ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ ‘ಫ್ರಾಂಕೆನ್‌ಸ್ಟೈನ್’. ಶವಗಳ ಅಂಗಗಳಿಂದ ರಚಿತನಾದ ಆ ವಿಕಾರರೂಪಿಯನ್ನು ಕಂಡು ಹೆದರದವಳು ಕೆರೆಯ ದಡದ ಪುಟ್ಟ ಹುಡುಗಿಯೊಬ್ಬಳೇ. ಆಕೆ ಅವನ ಕೈಗೆ ಹೂಗಳನ್ನು ಕೊಡುತ್ತಾಳೆ. ಇಬ್ಬರೂ ಅವನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ಹೂ ತೀರಿದಾಗ, ಅವಳೂ ಹೂವಿನಂತೆ ತೇಲುವಳೆಂದು ನಂಬಿ ಅವನು ಅವಳನ್ನೇ ನೀರಿಗೆಸೆಯುತ್ತಾನೆ. ಬಹುಕಾಲ ಈ ಭಾಗವನ್ನು ಕತ್ತರಿಸಿಯೇ ತೋರಿಸುತ್ತಿದ್ದರು. ಅದರಿಂದ ಅವನ ಅಜ್ಞಾನವು ಮರೆಯಾಗಿ ಕ್ರೌರ್ಯವೇ ಉಳಿಯಿತು.

ಈ ಕಥೆಯ ಮೂಲವನ್ನು ಹುಡುಕಿ ಓದಿದೆನು. 1816ರ ಮಳೆ ಹಿಡಿದ ಬೇಸಿಗೆಯಲ್ಲಿ, ಜಿನೀವಾ ಸರೋವರದ ಬಳಿ, ಒಬ್ಬೊಬ್ಬರೂ ಒಂದು ಪ್ರೇತಕಥೆಯನ್ನು ಬರೆಯೋಣವೆಂದು ಕವಿ ಬೈರನ್ ಸೂಚಿಸಿದಾಗ ಅದನ್ನು ಬರೆಯತೊಡಗಿದ ಮೇರಿಗೆ ಕೇವಲ 18 ವರ್ಷ. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕಾರಣವಿಷ್ಟೆ. ಹಿಂದೆ, ನಾನು ಬೋರ್ಡಿಂಗಿನ ಮೇಲ್ವಿಚಾರಣೆಯನ್ನು ಹೊಸದಾಗಿ ವಹಿಸಿಕೊಂಡಿದ್ದ ವರ್ಷ, ಒಂದು ಮಳೆಯ ರಾತ್ರಿ ದೀಪಗಳು ಆರಿಹೋಗಿದ್ದವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೋಂಬತ್ತಿಯ ಬೆಳಕಿನಲ್ಲಿ, ತಾನೇ ಬರೆದ ಹಾಳುಬಾವಿಯ ಕಥೆಯನ್ನು ಸಂಗಡಿಗರಿಗೆ ಓದಿಹೇಳುತ್ತಿದ್ದಳು. ಬಾಗಿಲ ಹೊರಗೆ ನಿಂತು ನಾನೂ ಕೇಳಿದೆನು. ಕಥೆ ಬಹಳ ಚೆನ್ನಾಗಿತ್ತು. ನನ್ನ ತೋಳಿನ ರೋಮ ನಿಮಿರಿತ್ತು. ಅಷ್ಟರಲ್ಲಿ ಚಿಕ್ಕ ತರಗತಿಯ ಮಗುವೊಂದು ಅತ್ತಿತು. ನೀರಮಾನ್ವಿಯ ಅಂಗಳವನ್ನು ಮರೆತವಳಂತೆ ಒಳಗೆ ಹೋಗಿ, ಎಲ್ಲರೆದುರು ಅವಳನ್ನು ಗದರಿಸಿ, ನೋಟುಪುಸ್ತಕವನ್ನು ಕಸಿದುಕೊಂಡೆನು. ಅವಳು ಎದುರು ಮಾತಾಡಲಿಲ್ಲ. ಹತ್ತನೆಯ ತರಗತಿಯನ್ನು ಮುಗಿಸಿ ಹೋಗುವವರೆಗೂ ಅವಳು ಮತ್ತೊಂದು ಕಥೆಯನ್ನು ಹೇಳಿದ್ದನ್ನು ಯಾರೂ ಕೇಳಲಿಲ್ಲ.

ಆ ನೋಟುಪುಸ್ತಕವು ನನ್ನ ಬೀರುವಿನಲ್ಲಿ ಭದ್ರವಾಗಿದೆ. ಬಾವಿಯ ಅಂಚಿನ ಮೇಲೆ ಒಂದು ಕೈ ಕಾಣಿಸಿದಲ್ಲಿಗೆ ಬರಹವು ನಿಂತಿದೆ. ಈ ಸಂಚಿಕೆಯು ಆಕೆಯ ಕೈಸೇರಿದರೆ, ದಯಮಾಡಿ ಬಂದು ತನ್ನ ಪುಸ್ತಕವನ್ನು ಕೊಂಡೊಯ್ಯಲಿ. ಆ ಕೈ ಯಾರದೆಂಬುದನ್ನು ನನಗೆ ಹೇಳಿಹೋಗಲಿ.