ಸುದ್ದಿ ತಂದವರು ಯಾರು?

ಆನೇಮಹಲ್‌ನಲ್ಲಿ ಸುಬ್‌ಹ್ ನಮಾಝಿಗೆ ಹೊರಡುವವರು ಚಪ್ಪಲಿ ಮೆಟ್ಟುವ ಮೊದಲು ಮೊಬೈಲ್ ನೋಡುತ್ತಾರೆ. ಹೊರಗಿನವರು ಇದನ್ನು ಕೇಳಿ ನಕ್ಕಾರು. ಸಕಲೇಶಪುರ, ಆಲೂರು ಸೀಮೆಯಲ್ಲಿ ಬಾಳುವವರಿಗೆ ಅದು ನಗುವ ವಿಷಯವಲ್ಲ. ರಾತ್ರಿ ಆನೆಗಳು ಯಾವ ತೋಟದಲ್ಲಿ ತಂಗಿವೆ, ಯಾವ ಕಡೆ ಸಾಗುತ್ತಿವೆ ಎಂಬ ಸಂದೇಶ ಅರಣ್ಯ ಇಲಾಖೆಯ ಕಡೆಯಿಂದ ಬಂದಿರುತ್ತದೆ. ಹಿಂಡಿನ ಜಾಡು ಹಿಡಿದು ಅಲೆಯುವ ಸಿಬ್ಬಂದಿ ಕಣ್ಣಾರೆ ಕಂಡು ತಿಳಿಸಿದ ಸುದ್ದಿ ಅದು. ಅದನ್ನು ಓದಿ ಕೊಯ್ಲಿನ ಆಳುಗಳನ್ನು ತೋಟದ ಬೇರೆ ಭಾಗಕ್ಕೆ ಕಳಿಸುವ ಮೇಸ್ತ್ರಿಗಳಿದ್ದಾರೆ. ಮಕ್ಕಳನ್ನು ಮದ್ರಸಕ್ಕೆ ಅರ್ಧ ಗಂಟೆ ತಡವಾಗಿ ಬಿಡುವ ತಾಯಂದಿರಿದ್ದಾರೆ. ಈ ಪುಟ್ಟ ಯಂತ್ರ ನಮ್ಮ ಕಡೆ ಜೀವ ಉಳಿಸಿದೆ ಎಂದು ನಾವು ಸಂಕೋಚವಿಲ್ಲದೆ ಹೇಳಬಲ್ಲೆವು.

ಕಳೆದ ಕೊಯ್ಲಿನ ಕಾಲದಲ್ಲಿ ಅದೇ ಮೊಬೈಲಿಗೆ ಇನ್ನೊಂದು ಸಂದೇಶ ಬಂತು. ಬರಹವಲ್ಲ, ಯಾರದೋ ಧ್ವನಿ. ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನವರೆಂದು ಸೇರಿಕೊಂಡವರೆಲ್ಲ ಬಾಂಗ್ಲಾದೇಶದವರು, ಮಕ್ಕಳನ್ನು ಕದಿಯಲು ಬಂದವರು ಎಂದು ಆ ಧ್ವನಿ ಗಾಬರಿಯಿಂದ ಹೇಳುತ್ತಿತ್ತು. ಹೇಳಿದವನಿಗೆ ಹೆಸರಿಲ್ಲ, ಊರಿಲ್ಲ. ಆ ವಾರ ಜುಮಾದಲ್ಲಿ ಹಿಂದಿನ ಸಾಲು ಖಾಲಿಯಿತ್ತು. ಲೈನಿನಿಂದ ಬರುತ್ತಿದ್ದ ಏಳೆಂಟು ಮಂದಿ ಹುಡುಗರು ಬರಲಿಲ್ಲ. ಎರಡು ಸಂಸಾರಗಳು ಕೂಲಿಯ ಲೆಕ್ಕವನ್ನೂ ಪೂರ್ತಿ ಮುಗಿಸಿಕೊಳ್ಳದೆ ಗಂಟು ಕಟ್ಟಿದವು. ಪಕ್ಕದ ತೋಟದ ಗೌಡರು ಸಂಜೆ ನಮ್ಮ ಜಗಲಿಗೆ ಬಂದು ಕುಳಿತು, “ಸಾಬ್ರೇ, ಇದು ಸುಳ್ಳು ಅಂತ ನಂಗೂ ಗೊತ್ತು, ನಿಮ್ಗೂ ಗೊತ್ತು. ಊರಿಗೆಲ್ಲ ಹೇಳೋರು ಯಾರು?” ಎಂದರು. ಅವರ ತೋಟದಲ್ಲಿ ಹಣ್ಣು ಉದುರುತ್ತಿತ್ತು. ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಬಂದ ಮಾತು ಒಂದೇ: ಸರಕಾರ ಏನು ಮಾಡುತ್ತಿದೆ, ಇವನ್ನೆಲ್ಲ ಏಕೆ ನಿಲ್ಲಿಸುವುದಿಲ್ಲ?

ಆ ಪ್ರಶ್ನೆ ಹೊಸದಲ್ಲ. 2012ರ ಆಗಸ್ಟ್‌ನಲ್ಲಿ, ರಮಝಾನ್ ಮುಗಿಯುವ ದಿನಗಳಲ್ಲಿ, ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ ರಾತ್ರೋರಾತ್ರಿ ರೈಲು ನಿಲ್ದಾಣಕ್ಕೆ ಓಡಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಅಸ್ಸಾಮಿನ ಗಲಭೆಗೆ ಪ್ರತೀಕಾರವಾಗಿ ಹಬ್ಬ ಕಳೆದೊಡನೆ ಮುಸ್ಲಿಮರು ದಾಳಿ ಮಾಡುವರೆಂಬ ವದಂತಿ ಎಸ್ಸೆಮ್ಮೆಸ್ಸುಗಳಲ್ಲಿ ಹರಿದಿತ್ತು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಉಪವಾಸವಿದ್ದ ನಮ್ಮವರೇ ಅವರ ಬಳಿಗೆ ಹೋಗಿ ಧೈರ್ಯ ಹೇಳಿದರು. ಕೇಂದ್ರ ಸರಕಾರ ಹದಿನೈದು ದಿನಗಳ ಮಟ್ಟಿಗೆ ಒಬ್ಬರು ಒಮ್ಮೆಗೆ 5ಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳಿಸದಂತೆ ನಿರ್ಬಂಧ ಹೇರಿತು. ಆಗ ಅದು ಬೇಕಾಗಿತ್ತು ಎಂದೇ ನಾವು ಭಾವಿಸುತ್ತೇವೆ. ಆರು ವರ್ಷಗಳ ನಂತರ, 2018ರ ಜುಲೈಯಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಗೆಳೆಯರೊಡನೆ ತಿರುಗಾಡಲು ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಅವರ ಕಾರು ಮುರ್ಕಿ ತಲುಪುವ ಮೊದಲೇ ವಾಟ್ಸಾಪ್ ಸಂದೇಶ ಅಲ್ಲಿಗೆ ತಲುಪಿತ್ತು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಮುಂದೆ ಕಳಿಸುವ ಮಿತಿ ತರುವುದಾಗಿ ಪ್ರಕಟಿಸಿತು. ಸರಕಾರ 2012ರಲ್ಲಿ ಆರಿಸಿದ್ದೂ ಅದೇ 5. ಈ ಮಿತಿಗಳು ಯಾರ ಬಾಯಿಯನ್ನೂ ಕಟ್ಟಲಿಲ್ಲ, ಸುದ್ದಿಯ ಓಟಕ್ಕಷ್ಟೇ ಕಡಿವಾಣ ಹಾಕಿದವು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ನಾವು ಬರೀ ನೊಂದವರ ಸಾಲಿನಲ್ಲಿ ನಿಂತು ಮಾತನಾಡುವಂತಿಲ್ಲ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಒಂದು ಫೇಸ್‌ಬುಕ್ ಬರಹಕ್ಕೆ ಉತ್ತರವಾಗಿ ಬೆಂಕಿ ಹಚ್ಚಿದವರು ನಮ್ಮವರೇ. ಗೋಲಿಬಾರಿನಲ್ಲಿ ಮೂವರು ಸತ್ತರು. ಅದೇ ರಾತ್ರಿ ಕೈಕೈ ಹಿಡಿದು ಗುಡಿಯನ್ನು ಕಾದವರೂ ನಮ್ಮ ಹುಡುಗರೇ ಎಂಬುದು ಸಮಾಧಾನದ ಮಾತಾದರೂ, ಸತ್ತವರ ತಾಯಂದಿರಿಗೆ ಅದರಿಂದ ಏನೂ ಆಗದು. ಇನ್ನು ನಮ್ಮ ಮನೆಯದೇ ಒಂದು ಸಣ್ಣ ಕಥೆ. ಆನೆಗಳ ಹಿಂಡು ಶಾಲೆಯ ಮೈದಾನಕ್ಕೆ ನುಗ್ಗಿದೆ ಎಂಬ ವಿಡಿಯೋ ಒಂದು ಬೆಳಿಗ್ಗೆ ಬಂತು. ನಾವು ಹಿಂದುಮುಂದು ನೋಡದೆ ಅದನ್ನು ಮೂರು ಗುಂಪುಗಳಿಗೆ ಕಳಿಸಿದೆವು. ಪೋಷಕರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡರು. ಮಧ್ಯಾಹ್ನ ತಿಳಿಯಿತು, ಅದು ಯಾವುದೋ ಊರಿನ ಹಳೆಯ ವಿಡಿಯೋ. ನಾವು ಕಳಿಸಿದ್ದು ಸುಳ್ಳು. ಕಳಿಸಿದ ಮನಸ್ಸಿನಲ್ಲಿ ಸುಳ್ಳಿರಲಿಲ್ಲ.

2025ರ ಜೂನ್‌ನಲ್ಲಿ ರಾಜ್ಯ ಸರಕಾರದ ಒಂದು ಕರಡು ಮಸೂದೆ ಹೊರಬಿದ್ದಾಗ ನಮಗೆ ಮೊದಲು ನೆನಪಾದದ್ದು ಆ ಆನೆಯ ವಿಡಿಯೋ. ತಪ್ಪು ಮಾಹಿತಿ ಮತ್ತು ಸುಳ್ಳು ಸುದ್ದಿಯನ್ನು ನಿಷೇಧಿಸುವ ಕರಡು ಅದು. ಸುಳ್ಳು ಸುದ್ದಿಗೆ 7 ವರ್ಷಗಳವರೆಗೆ ಸೆರೆಮನೆ, 10 ಲಕ್ಷ ರೂಪಾಯಿವರೆಗೆ ದಂಡ. ಏನು ಸುಳ್ಳೆಂದು ನೋಡಿಕೊಳ್ಳಲು ಒಂದು ಪ್ರಾಧಿಕಾರ, ಅದರ ತಲೆಯಲ್ಲಿ ಒಬ್ಬ ಮಂತ್ರಿ. ಸನಾತನ ಚಿಹ್ನೆಗಳಿಗೆ, ನಂಬಿಕೆಗಳಿಗೆ ಅಗೌರವ ತೋರುವ ಬರಹವನ್ನು ತಡೆಯುವ ಮಾತೂ ಅದರಲ್ಲಿತ್ತು. ಇದು ಅಂತಿಮ ರೂಪವಲ್ಲವೆಂದು ಸರಕಾರ ಹೇಳಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆಯನ್ನು ವಿಧಾನಸಭೆ ಗದ್ದಲದ ನಡುವೆ ಅಂಗೀಕರಿಸಿತು: 1ರಿಂದ 7 ವರ್ಷ ಸೆರೆ, 50,000 ರೂಪಾಯಿ ದಂಡ, ಜಾಮೀನು ಸಿಗದ ಅಪರಾಧ, ಜಾಲತಾಣದಿಂದ ಬರಹ ತೆಗೆಸಲು ಅಧಿಕಾರಿಗೆ ಅಧಿಕಾರ.

ಜಮಾಅತಿನಲ್ಲಿ ಅನೇಕರು ಹರ್ಷಪಟ್ಟರು. ಕೊನೆಗೂ ನಮಗೊಂದು ರಕ್ಷೆ ಸಿಕ್ಕಿತೆಂದರು. 2020ರ ಏಪ್ರಿಲ್‌ನಲ್ಲಿ ಕೊರೊನಾವನ್ನೇ ನಮ್ಮ ತಲೆಗೆ ಕಟ್ಟಿದ ದಿನಗಳಲ್ಲಿ ತರಕಾರಿ ಗಾಡಿಯ ಹುಡುಗರನ್ನು ಬೀದಿಗೆ ಬಿಡದಿದ್ದುದನ್ನು ಕಂಡವರಿಗೆ ಆ ಹರ್ಷ ಸಹಜವೇ. ದ್ವೇಷದ ಮಾತಿಗೆ ಶಿಕ್ಷೆ ಬೇಡವೆಂದು ನಾವೂ ಹೇಳುವುದಿಲ್ಲ. ಕೊಲ್ಲಿರಿ, ಬಹಿಷ್ಕರಿಸಿರಿ ಎಂದು ಕರೆ ಕೊಡುವುದು ಅಭಿಪ್ರಾಯವಲ್ಲ, ಅಪರಾಧ. ಆದರೂ ನಮ್ಮ ಹರ್ಷಕ್ಕೆ ಒಂದು ಅಂಜಿಕೆ ಅಂಟಿಕೊಂಡಿದೆ. ಕಾನೂನಿನ ಪದಗಳು ಸಡಿಲವಿದ್ದರೆ ಅವು ಮೊದಲು ಬಿಗಿಯುವುದು ಬಲವಿಲ್ಲದವರ ಕೊರಳನ್ನು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ನೆನಪಿರಲಿ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಒಬ್ಬ ಯುವತಿ ಬಂದ್ ಏಕೆಂದು ಬರೆದಳು, ಇನ್ನೊಬ್ಬಳು ಅದಕ್ಕೆ ಮೆಚ್ಚುಗೆಯ ಗುರುತು ಒತ್ತಿದಳು, ಇಬ್ಬರನ್ನೂ ಬಂಧಿಸಿದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಆ ಕಲಮನ್ನೇ ಕಿತ್ತುಹಾಕಿತು. ನಮ್ಮ ಪರಿಚಯದ ಒಬ್ಬ ಹುಡುಗ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕಿದ ಚಿತ್ರಕ್ಕಾಗಿ ಒಂದಿಡೀ ದಿನ ಠಾಣೆಯ ಬೆಂಚಿನ ಮೇಲೆ ಕುಳಿತು ಬಂದ. ಮೊಕದ್ದಮೆ ಆಗಲಿಲ್ಲ. ಅಂದಿನಿಂದ ಅವನು ಸ್ಟೇಟಸ್ಸಿನಲ್ಲಿ ಹೂವಿನ ಚಿತ್ರವನ್ನೂ ಹಾಕುವುದಿಲ್ಲ.

ಇದಕ್ಕೆ ನಮ್ಮ ತಾಲೂಕಿನದೇ ಒಂದು ಪ್ರಸಂಗ ಹೇಳಬೇಕು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ, ಎಂಟು ಬಾರಿ ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನ ಸತ್ತಿತು. ಕಾಡಾನೆ ತಿವಿದದ್ದಷ್ಟೇ ಅಲ್ಲ, ಇಲಾಖೆಯವರ ಗುಂಡೇ ತಪ್ಪಿ ಅರ್ಜುನನ ಕಾಲಿಗೆ ತಗುಲಿತ್ತೆಂಬ ಮಾತು ಧ್ವನಿಮುದ್ರಿಕೆಗಳ ರೂಪದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಇಲಾಖೆ ಅಲ್ಲಗಳೆಯಿತು. ಜನ ಸುಮ್ಮನಾಗಲಿಲ್ಲ, ಕೊನೆಗೆ ಸರಕಾರ ವಿಚಾರಣೆಗೆ ಆದೇಶಿಸಿತು. ಅಂದು ಸತ್ಯಾಸತ್ಯದ ಮುದ್ರೆ ಒತ್ತುವ ಪ್ರಾಧಿಕಾರವೊಂದು ಮಂತ್ರಿಯ ಕೈಕೆಳಗೆ ಇದ್ದಿದ್ದರೆ, ಆ ಧ್ವನಿಗಳು ಮೊದಲ ರಾತ್ರಿಯೇ ಸುಳ್ಳು ಸುದ್ದಿಯ ಪಟ್ಟಿ ಸೇರುತ್ತಿದ್ದವು, ವಿಚಾರಣೆಯೂ ನಡೆಯುತ್ತಿರಲಿಲ್ಲ. ಆ ಮಾತುಗಳೆಲ್ಲ ನಿಜವೆಂಬುದು ನಮ್ಮ ವಾದವಲ್ಲ. ಆರೋಪಕ್ಕೆ ಗುರಿಯಾದವನೇ ತೀರ್ಪುಗಾರನಾಗಬಾರದು ಎಂಬುದಷ್ಟೇ ನಮ್ಮ ವಾದ. ಕೇಂದ್ರ ಸರಕಾರ ತನ್ನ ಬಗ್ಗೆ ಬರುವ ಸುದ್ದಿಯ ನಿಜ ಸುಳ್ಳನ್ನು ತಾನೇ ತೂಗಲು ಒಂದು ಸತ್ಯಶೋಧನಾ ಘಟಕ ಮಾಡಹೊರಟಾಗ ಬಾಂಬೆ ಹೈಕೋರ್ಟು 2024ರಲ್ಲಿ ಅದನ್ನು ರದ್ದುಪಡಿಸಿತು.

ಇಸ್ಲಾಮೀ ಸಮಾಜದ ಆರಂಭದಲ್ಲೇ ಈ ಪರೀಕ್ಷೆ ಬಂದಿತ್ತು. ಮದೀನದಲ್ಲಿ ಹ. ಆಯಿಶಾ(ರ)ರ ಮೇಲೆ ಅಪವಾದ ಹರಡಿದಾಗ ಒಂದು ತಿಂಗಳ ಕಾಲ ಊರು ಪಿಸುಗುಟ್ಟಿತು. ಆಡಳಿತದ ಅಧಿಕಾರ ಪ್ರವಾದಿ(ಸ)ರ ಕೈಯಲ್ಲೇ ಇತ್ತು. ನೋವೂ ಅವರ ಮನೆಯದೇ. ಆದರೂ ಅವರು ಆಡಿದವರನ್ನು ಹಿಡಿದು ತರಿಸಲಿಲ್ಲ. ಬಲ್ಲವರನ್ನು ವಿಚಾರಿಸಿದರು, ಕಾದರು. ಶಿಕ್ಷೆ ಬಂದದ್ದು ಸತ್ಯ ಸ್ಪಷ್ಟವಾದ ಮೇಲೆ, ಅಪರಾಧದ ಗಡಿಯನ್ನು ಅಕ್ಷರಶಃ ಗುರುತಿಸಿದ ಮೇಲೆ. ಸುದ್ದಿ ತಂದವನು ಎಂಥವನೆಂದು ಪರೀಕ್ಷಿಸುವ ಹೊಣೆಯನ್ನು ಹುಜುರಾತ್ ಅಧ್ಯಾಯ ಕೇಳುವವನ ಮೇಲೇ ಹೊರಿಸಿದೆ. ಮುಂದೆ ಹದೀಸ್ ವಿದ್ವಾಂಸರು ಸನದಿನ ಶಾಸ್ತ್ರವನ್ನೇ ಕಟ್ಟಿದರು: ನೀನು ಯಾರಿಂದ ಕೇಳಿದೆ, ಅವನು ಯಾರಿಂದ ಕೇಳಿದ, ಇಬ್ಬರೂ ಭೇಟಿಯಾಗಿದ್ದು ನಿಜವೇ? ಕೊಂಡಿ ಕಡಿದಿದ್ದರೆ ಮಾತು ಎಷ್ಟೇ ಚೆನ್ನಾಗಿದ್ದರೂ ದುರ್ಬಲ. ಇದನ್ನು ಯಾವ ಸುಲ್ತಾನನೂ ಆಜ್ಞೆ ಹೊರಡಿಸಿ ಮಾಡಿಸಲಿಲ್ಲ. ಇಷ್ಟು ದೊಡ್ಡ ಪರಂಪರೆಯ ವಾರಸುದಾರರಾದ ನಾವು ಹೆಸರಿಲ್ಲದ ಧ್ವನಿಗೆ ಬೆಚ್ಚಿ ಮೂರು ಗುಂಪಿಗೆ ಕಳಿಸುತ್ತೇವೆ. ನಾಚಿಕೆಯ ಸಂಗತಿ.

ಹಾಗಾದರೆ ಸರಕಾರಕ್ಕೆ ಕೆಲಸವೇ ಇಲ್ಲವೇ? ಇದೆ, ಬೇಕಾದಷ್ಟಿದೆ. ಅದು ಹಿಡಿಯಬೇಕಾದದ್ದು ಕಂಪನಿಗಳನ್ನು. ಆನೆಯ ಸಂದೇಶಕ್ಕೆ ಹೇಳಿದವರಿದ್ದಾರೆ. ಅದು ತಪ್ಪಾದರೆ ತಿದ್ದುವವರಿದ್ದಾರೆ. ಅದು ಬೇಕಾದ ಊರುಗಳಿಗಷ್ಟೇ ಹೋಗುತ್ತದೆ, ನಮ್ಮ ಭಯದಿಂದ ಯಾರೂ ಹಣ ಗಳಿಸುವುದಿಲ್ಲ. ದೊಡ್ಡ ಜಾಲತಾಣಗಳ ಲೆಕ್ಕ ಇದಕ್ಕೆ ತಿರುಗುಮುರುಗು. ಜನ ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತು. ಸಿಟ್ಟು, ಭಯ ಜನರನ್ನು ಹೆಚ್ಚು ಹೊತ್ತು ಹಿಡಿದಿಡುತ್ತವೆ. ಆದ್ದರಿಂದ ಅವನ್ನೇ ಯಂತ್ರ ಆರಿಸಿ ನಮ್ಮ ಮುಂದೆ ತಂದಿಡುತ್ತದೆ. ಮ್ಯಾನ್ಮಾರಿನ ರೋಹಿಂಗ್ಯಾ ಸಹೋದರರ ವಿಷಯದಲ್ಲಿ ತಾನು ಸಾಕಷ್ಟು ಮಾಡಲಿಲ್ಲವೆಂದು ಫೇಸ್‌ಬುಕ್ 2018ರಲ್ಲಿ ಒಪ್ಪಿಕೊಂಡಾಗ ಸುಮಾರು ಏಳು ಲಕ್ಷ ಜನ ಗಡಿ ದಾಟಿಯಾಗಿತ್ತು. ನಮ್ಮ ಊರಿನ ಬಗ್ಗೆ ಹಾಕಿದ ಒಂದು ಬರಹದ ಮೇಲೆ ನಾವೇ ಒಂದು ಕಂಪನಿಗೆ ದೂರು ಕೊಟ್ಟೆವು. ನಿಯಮಗಳ ಉಲ್ಲಂಘನೆ ಇಲ್ಲವೆಂಬ ಸಿದ್ಧ ಉತ್ತರ ಬಂತು. ಅದರಲ್ಲಿದ್ದ ಬೈಗುಳ ಅಚ್ಚ ಮಲೆನಾಡಿನದು. ಅದನ್ನು ಬಲ್ಲ ಒಬ್ಬ ಮನುಷ್ಯ ಓದಿದ್ದರೆ ಆ ಉತ್ತರ ಬರುತ್ತಿರಲಿಲ್ಲ.

ಕನ್ನಡ ಬಲ್ಲ ಜನರನ್ನು ನೇಮಿಸಿ, ದೂರಿಗೆ ಕಾರಣ ಸಹಿತ ಉತ್ತರ ಕೊಡಿ, ಏನನ್ನು ಏಕೆ ಮೇಲೆತ್ತಿ ತೋರಿಸುತ್ತೀರೆಂದು ಲೆಕ್ಕ ಒಪ್ಪಿಸಿ ಎಂದು ಕಂಪನಿಗಳನ್ನು ಕಟ್ಟಿಹಾಕುವುದು ನ್ಯಾಯವಾದ ನಿಯಂತ್ರಣ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಭಾರತದಲ್ಲೇ ನೆಲೆಸಿರುವ ದೂರು ಅಧಿಕಾರಿಯನ್ನು ಕಡ್ಡಾಯ ಮಾಡಿವೆ, ಆರಂಭದಲ್ಲಿ 15 ದಿನಗಳ ಗಡುವನ್ನೂ ಇಟ್ಟಿದ್ದವು. ಅಷ್ಟು ಒಳ್ಳೆಯದೇ. ಯುರೋಪಿನ ಕಾನೂನು 2024ರ ಫೆಬ್ರವರಿಯಿಂದ ಪೂರ್ಣ ಜಾರಿಯಲ್ಲಿದ್ದು, ತಪ್ಪಿದ ಕಂಪನಿಗೆ ಜಾಗತಿಕ ವಹಿವಾಟಿನ ಶೇ. 6ರವರೆಗೆ ದಂಡ ಹಾಕಬಲ್ಲದು. ನಮ್ಮಲ್ಲಿ ಜಗ್ಗಾಟವೆಲ್ಲ ನಡೆಯುವುದು ಏನನ್ನು ತೆಗೆಸಬೇಕೆಂಬುದರ ಸುತ್ತ. ತಡೆ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರಿಗೆ ಕರ್ನಾಟಕ ಹೈಕೋರ್ಟು 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡ ಹಾಕಿತು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ, ಬರಹ ತೆಗೆಯಲು ಅಧಿಕಾರಿಗಳು ಸೂಚನೆ ಕಳಿಸುವ ಸಹಯೋಗ್ ಎಂಬ ವ್ಯವಸ್ಥೆಯನ್ನು ಪ್ರಶ್ನಿಸಿ 2025ರ ಸೆಪ್ಟೆಂಬರ್ 24ರಂದು ಮತ್ತೆ ಸೋತಿತು. ವಾಕ್ ಸ್ವಾತಂತ್ರ್ಯದ ಹಕ್ಕು ನಾಗರಿಕರದು, ಹೊರದೇಶದ ಕಂಪನಿಯದಲ್ಲ ಎಂಬುದು ನ್ಯಾಯಾಲಯದ ಒಂದು ಕಾರಣ. ಕಂಪನಿಗಾಗಿ ನಾವು ಕಣ್ಣೀರು ಹಾಕುವುದಿಲ್ಲ. ಆದರೆ ತೆಗೆದುಹಾಕಿದ ಬರಹವನ್ನು ಬರೆದವನು ನಾಗರಿಕನೇ ತಾನೆ? ಕಟಕಟೆಯ ಒಂದು ಬದಿಯಲ್ಲಿ ಸರಕಾರ, ಇನ್ನೊಂದು ಬದಿಯಲ್ಲಿ ಕಂಪನಿ. ಬರೆದವನನ್ನು ಯಾರೂ ಒಳಗೆ ಕರೆದಿಲ್ಲ.

ಲೈನ್ ಮನೆಯವರಲ್ಲಿ ಒಂದು ಸಂಸಾರ ಈಚೆಗೆ ಮರಳಿ ಬಂದಿದೆ. ಗೌಡರೇ ಫೋನ್ ಮಾಡಿ ಕರೆಸಿಕೊಂಡರು. ಆ ಮನೆಯ ಹಿರಿಯನಿಗೆ ಕನ್ನಡ ಓದಲು ಬರುವುದಿಲ್ಲ. ಆನೆಯ ಸಂದೇಶ ಬಂದಾಗ ಅವನು ಮೊಬೈಲನ್ನು ನಮ್ಮ ಮಗನ ಕೈಗೆ ಕೊಡುತ್ತಾನೆ. ಮಗ ಓದಿ, ತನಗೆ ತಿಳಿದಷ್ಟು ಹಿಂದಿಯಲ್ಲಿ, ಎಷ್ಟು ಆನೆ, ಯಾವ ಕಡೆ ಎಂದು ಹೇಳುತ್ತಾನೆ. ಮೊನ್ನೆ ಎಲ್ಲ ಕೇಳಿದ ಮೇಲೆ ಆ ಹಿರಿಯ, ಕಳಿಸಿದವರು ಯಾರು ಎಂದು ಕೇಳಿದ. ಮಗ ಮತ್ತೊಮ್ಮೆ ಮೊಬೈಲ್ ತೆಗೆದು ನೋಡಿದ.