ಆಗುಂಬೆಯಲ್ಲಿ ಬಾಯಾರಿದ ಗಿಡಗಳು

ಆಗುಂಬೆಯ ಕಡೆ ನೀರಿಗೆ ಬರ ಎಂದರೆ ಯಾರಾದರೂ ನಕ್ಕಾರು. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿಯುವ ಊರದು. ಆದರೂ ಅಲ್ಲಿ ಪ್ರತಿ ಬೇಸಿಗೆಯಲ್ಲೂ ಬರ ಕಾಣುವವರಿದ್ದಾರೆ, ಮರದ ಕೊಂಬೆಯ ಮೇಲೆ ಬದುಕುವ ಗಿಡಗಳು. ಇವು ಬಂದಳಿಕೆಯಲ್ಲ, ಮರದ ರಸ ಹೀರುವುದಿಲ್ಲ. ಕೂರಲು ಜಾಗ ಕೊಟ್ಟರೆ ಸಾಕು. ಆದರೆ ಅಲ್ಲಿ ಮಣ್ಣೆಲ್ಲಿದೆ? ತೊಗಟೆಯಿಂದ ನೀರು ಜಾರಿತೋ, ಮುಗಿಯಿತು.

ಕಳೆದ ಮೇ ತಿಂಗಳಲ್ಲಿ ಮೊಮ್ಮಗಳ ಜೊತೆ ಅಲ್ಲಿನ ಗೆಳೆಯರ ಮನೆಗೆ ಹೋಗಿದ್ದೆ. ರಾತ್ರಿಯ ಗಾಳಿಗೆ ಅವರ ಅಂಗಳದಂಚಿನ ಹಲಸಿನ ಮರ ಉರುಳಿತ್ತು. ಕೊಂಬೆಯ ತುಂಬ ಸೀತಾಳೆದಂಡೆ, ನರಿಯ ಬಾಲದಂತೆ ಇಳಿಬಿದ್ದ ನಸುಗೆಂಪು ಹೂಗೊಂಚಲು! ಮಾರನೆಯ ದಿನ ಮರ ಕೊಯ್ಯುವವರು ಬರುವವರಿದ್ದರು. ಸಿಕ್ಕಷ್ಟನ್ನು ಬಿಡಿಸಿ ಮಾವಿನ ಮರಕ್ಕೆ ಕಟ್ಟಲು ಹೊರಟೆವು.

"ಅಜ್ಜ, ಹೂ ಬಿಟ್ಟಿದ್ದನ್ನ ಮೊದಲು ಕಟ್ಟು."

"ಅದು ಸಂಜೆವರೆಗೂ ತಡೆಯುತ್ತೆ ಪುಟ್ಟಿ. ಮರಿಗಳು ತಡೆಯಲ್ಲ."

ಒದ್ದೆ ಕರವಸ್ತ್ರ ಬೇಗ ಒಣಗುತ್ತದೆ, ಒದ್ದೆ ಕಂಬಳಿ ಒಣಗುವುದಿಲ್ಲ. ಇಲ್ಲೂ ಅಷ್ಟೇ. ಸೀತಾಳೆಯ ಬೀಜ ಧೂಳಿನಷ್ಟು ಸಣ್ಣದು. ಅದರೊಳಗೆ ಬುತ್ತಿಯೇ ಇಲ್ಲ, ಒಂದು ಬಗೆಯ ಶಿಲೀಂಧ್ರ ಉಣಿಸಿದರೆ ಮಾತ್ರ ಮೊಳಕೆ ಬೆಳೆಯುತ್ತದೆ. ಬೆರಳುದ್ದದ ಮರಿಯ ಎಲೆಯಲ್ಲಿ ಹಿಡಿಯುವ ನೀರೆಷ್ಟು? ಬಿಸಿಲಿಗೆ ಬಿದ್ದರೆ ಬಾಡಿತು. ಬೆಳೆದಂತೆ ಎಲೆಗಳು ದಪ್ಪವಾಗಿ ನೀರಿನ ಹಂಡೆಗಳಾಗುತ್ತವೆ. ಇಂಥ ದಪ್ಪ ಎಲೆಯ ಸೀತಾಳೆಗಳಲ್ಲಿ ಹಲವು ಹಗಲಿನಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ಗಾಳಿ ಒಳಗೆಳೆದುಕೊಳ್ಳುತ್ತವೆ. ಬೇರುಗಳೂ ಹೆಚ್ಚುತ್ತವೆ. ಅವುಗಳ ಸುತ್ತ ಸ್ಪಂಜಿನಂಥ ಬಿಳಿ ಹೊದಿಕೆ. ಮೊಮ್ಮಗಳು ಬಾಟಲಿಯ ನೀರು ಸುರಿದಳು. ಬಿಳಿ ಬೇರು ನೋಡನೋಡುತ್ತ ಹಸಿರಾಯಿತು! ನೀರು ಕುಡಿದ ಹೊದಿಕೆ ಪಾರದರ್ಶಕವಾಗಿ, ಒಳಗಿನ ಹಸಿರು ಕಂಡದ್ದು. ಬಾಟಲಿ ಖಾಲಿಯಾಗುವವರೆಗೂ ಅವಳು ಬಿಡಲಿಲ್ಲ.

ನಿಮ್ಮೂರಿನ ತಾಳೆ ಮರದ ಮೇಲೆ ಹುಟ್ಟಿದ ಆಲದ ಸಸಿಯನ್ನೂ ಗಮನಿಸಿ. ಮೇಲಿರುವಷ್ಟು ಕಾಲ ನೀರಿನಲ್ಲಿ ಅದು ಜಿಪುಣ. ಬೇರು ಇಳಿದು ನೆಲ ಮುಟ್ಟಿತೋ, ಧಾರಾಳಿಯಾಗುತ್ತದೆ. ಸೀತಾಳೆಗೆ ಆ ಭಾಗ್ಯವಿಲ್ಲ, ಸಾಯುವತನಕ ಕೊಂಬೆಯ ಮೇಲೇ ಲೆಕ್ಕಾಚಾರದ ಸಂಸಾರ.

ಮರಿಗಳನ್ನು ಮಾವಿನ ಮರದ ನೆರಳಿನ ಬದಿಗೆ, ನೆನೆಸಿದ ತೆಂಗಿನ ನಾರಿಟ್ಟು ಬಾಳೆನಾರಿನಿಂದ ಕಟ್ಟಿದೆವು. ದೊಡ್ಡವನ್ನು ಕಟ್ಟುವ ಹೊತ್ತಿಗೆ ಕತ್ತಲಾಗಿತ್ತು. ಒಟ್ಟು ದೊಡ್ಡವು 3, ಮರಿಗಳು 11. ದೀಪಾವಳಿ ರಜೆಗೆ ಹೋಗಿ ಎಣಿಸುವ ಕೆಲಸ ಪುಟ್ಟಿಯದು.